ನಾಯಿ, ಬೆಕ್ಕಿಗೆ ಹುಷಾರಿಲ್ಲದಾಗ ಡಾಕ್ಟರಿಗೆ ಏನು ಹೇಳಬೇಕು, ಏನು ಕೇಳಬೇಕು

ಪಶುವೈದ್ಯರ ಮುಂದೆ ಕೂತ ಕೂಡಲೇ ನಮ್ಮ ಬಾಯಿಂದ ಮೊದಲು ಬರೋದು ಕಾಯಿಲೆಯ ಹೆಸರು. "ಗ್ಯಾಸ್ಟ್ರಿಕ್ ಆಗಿದೆ ಡಾಕ್ಟ್ರೇ." "ಉಷ್ಣ ಆಗಿದೆ ಅನ್ಸುತ್ತೆ." "ಜ್ವರ ಇದೆ, ಒಂದು ಇಂಜೆಕ್ಷನ್ ಹಾಕಿಬಿಡಿ." ಕಾಯಿಲೆ ಯಾವುದು ಅಂತ ಕಂಡುಹಿಡಿಯೋದು ಅವರ ಕೆಲಸ. ನಮ್ಮ ಕೆಲಸ ಬೇರೆ. ಮನೆಯಲ್ಲಿ ಕಣ್ಣಿಗೆ ಕಂಡದ್ದನ್ನು ಕಂಡ ಹಾಗೇ ಹೇಳಬೇಕು, ನಾವು ಅಂದುಕೊಂಡದ್ದನ್ನು ಅದರ ಮೇಲೆ ಹೊದಿಸಬಾರದು.

ಇದು ಯಾಕೆ ಇಷ್ಟು ಮುಖ್ಯ ಅಂತ ಒಂದು ಉದಾಹರಣೆ ನೋಡಿ. ಗಂಡು ಬೆಕ್ಕು ಬೆಳಗ್ಗೆಯಿಂದ ಮತ್ತೆ ಮತ್ತೆ ಮರಳಿನ ಟ್ರೇಗೆ ಹೋಗಿ ಕೂರುತ್ತಿದೆ. ತಿಣುಕುತ್ತದೆ, ನರಳುತ್ತದೆ, ಎದ್ದು ಬರುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಹೋಗುತ್ತದೆ. ಮನೆಯವರು ಫೋನ್ ಮಾಡಿ "ಮೋಷನ್ ಆಗ್ತಿಲ್ಲ ಡಾಕ್ಟ್ರೇ, ಏನಾದ್ರೂ ಸಿರಪ್ ಹೇಳಿ" ಅಂತಾರೆ. ಆದರೆ ಗಂಡು ಬೆಕ್ಕು ಹೀಗೆ ಮಾಡಿದರೆ ಬಹಳ ಸಲ ಕಟ್ಟಿಕೊಂಡಿರೋದು ಮೂತ್ರ. ಗಂಡು ಬೆಕ್ಕಿನ ಮೂತ್ರನಾಳ ತುಂಬಾ ಸಣ್ಣದು, ಹರಳೋ ಲೋಳೆಯೋ ಅಡ್ಡ ಬಂದರೆ ಪೂರ್ತಿ ಮುಚ್ಚಿಹೋಗುತ್ತದೆ. ಆಮೇಲೆ ಒಂದೆರಡು ದಿನದಲ್ಲೇ ಜೀವಕ್ಕೆ ಅಪಾಯ. "ಮೋಷನ್ ಆಗ್ತಿಲ್ಲ" ಅನ್ನೋದು ಅಂದಾಜು. "ಬೆಳಗ್ಗೆಯಿಂದ ಏಳೆಂಟು ಸಲ ಟ್ರೇಗೆ ಹೋದ, ಮರಳು ಎಲ್ಲೂ ಒದ್ದೆಯಾಗಿಲ್ಲ" ಅನ್ನೋದು ಕಂಡದ್ದು. ಎರಡನೆಯ ಮಾತು ಕೇಳಿದ ಯಾವ ಡಾಕ್ಟರೂ ಸಿರಪ್ ಹೇಳಿ ಫೋನ್ ಇಡೋದಿಲ್ಲ, ಈಗಲೇ ಕರ್ಕೊಂಡು ಬನ್ನಿ ಅಂತಾರೆ.

ಹೋಗುವ ಮುಂಚೆ ಮನೆಯಲ್ಲಿ

ಮೊದಲು ಮನೆಯವರನ್ನೆಲ್ಲ ಕೇಳಿ. ನಮ್ಮ ಮನೆಗಳಲ್ಲಿ ಪ್ರಾಣಿಗೆ ಊಟ ಹಾಕುವವರು ಒಬ್ಬರು, ವಾಕಿಂಗ್ ಕರೆದುಕೊಂಡು ಹೋಗುವವರು ಇನ್ನೊಬ್ಬರು, ಆಸ್ಪತ್ರೆಗೆ ಕಾರು ಓಡಿಸುವವರು ಮೂರನೆಯವರು. ಆ ಮೂರನೆಯವರಿಗೆ ಸಾಮಾನ್ಯವಾಗಿ ಏನೂ ಗೊತ್ತಿರುವುದಿಲ್ಲ. ಅಜ್ಜಿ ರಾತ್ರಿ ಹೋಳಿಗೆ ಚೂರು ಕೊಟ್ಟಿರಬಹುದು, ಮಗು ದ್ರಾಕ್ಷಿ ಕೊಟ್ಟಿರಬಹುದು, ಕೆಲಸದವರು ಬೆಳಗ್ಗೆ ಹಿತ್ತಲಲ್ಲಿ ವಾಂತಿ ಒರೆಸಿ ಹಾಕಿರಬಹುದು. ಇದ್ಯಾವುದೂ ಡಾಕ್ಟರಿಗೆ ತಲುಪುವುದಿಲ್ಲ. ಆದಷ್ಟು ಮಟ್ಟಿಗೆ ದಿನವಿಡೀ ಜೊತೆಗಿದ್ದವರೇ ಹೋಗಲಿ. ಆಗದಿದ್ದರೆ ಒಂದು ಚೀಟಿಯಲ್ಲಿ ಬರೆದು ಕಳಿಸಿ, ಇಲ್ಲವಾದರೆ ಡಾಕ್ಟರ ಮುಂದೆ ಕೂತಾಗ ಫೋನಿನಲ್ಲಿ ಸಿಗುವ ಹಾಗಿರಿ. ಯಾರು ಏನು ಕೊಟ್ಟರು ಅಂತ ಕೇಳುವಾಗ ಬೈಯುವ ದನಿಯಲ್ಲಿ ಕೇಳಬೇಡಿ, ಬೈಗುಳಕ್ಕೆ ಹೆದರಿದವರು ನಿಜ ಹೇಳೋದಿಲ್ಲ.

"ಏನೂ ತಿಂತಿಲ್ಲ" ಅನ್ನೋದನ್ನು ಸ್ವಲ್ಪ ಬಿಡಿಸಿ ನೋಡಿ. ತಟ್ಟೆಯ ಹತ್ತಿರವೇ ಬರುತ್ತಿಲ್ಲವಾ? ಬಂದು ಮೂಸಿ ತಿರುಗಿ ಹೋಗುತ್ತದಾ? ಬಾಯಿಗೆ ಹಾಕಿಕೊಂಡು ಅಗಿಯಲಾರದೆ ಕೆಳಗೆ ಬೀಳಿಸುತ್ತದಾ? ಮೊಸರನ್ನ ಬೇಡ ಅಂದದ್ದು ಚಿಕನ್ ಕೊಟ್ಟರೆ ತಿನ್ನುತ್ತದಾ? ಮೂಸಿ ತಿರುಗಿದರೆ ಹೊಟ್ಟೆ ತೊಳಸುತ್ತಿರಬಹುದು, ಬೀಳಿಸಿದರೆ ಹಲ್ಲು, ಒಸಡು, ನಾಲಿಗೆಯ ತೊಂದರೆ ಇರಬಹುದು. ಬೆಕ್ಕಾದರೆ ಎಷ್ಟು ಹೊತ್ತಿನಿಂದ ತಿಂದಿಲ್ಲ ಅನ್ನೋದನ್ನು ಸರಿಯಾಗಿ ಹೇಳಿ. ಎರಡು ಮೂರು ದಿನ ಉಪವಾಸ ಇದ್ದರೆ, ಅದರಲ್ಲೂ ದಪ್ಪ ಬೆಕ್ಕಾದರೆ, ಲಿವರ್‌ಗೆ ಕೊಬ್ಬು ತುಂಬಿಕೊಂಡು ಅದೇ ಒಂದು ಹೊಸ ಕಾಯಿಲೆಯಾಗುತ್ತದೆ. ಬೆಕ್ಕಿನ ಉಪವಾಸ ಮನುಷ್ಯರ ಉಪವಾಸದ ಹಾಗಲ್ಲ.

ವಾಂತಿಯ ವಿಷಯಕ್ಕೆ ಬರೋಣ, ಯಾಕೆಂದರೆ ಇದರಲ್ಲಿ ಜಾಸ್ತಿ ಗೊಂದಲ ಆಗುತ್ತದೆ. ನಾಯಿ ಹೊಟ್ಟೆಯನ್ನು ಎಳೆದೆಳೆದು, ಬೆನ್ನು ಬಗ್ಗಿಸಿ, ಸದ್ದು ಮಾಡಿ ಹೊರಗೆ ಹಾಕಿತಾ? ಅದು ವಾಂತಿ. ಸುಮ್ನೆ ತಲೆ ಬಗ್ಗಿಸಿದ ಕೂಡಲೇ ತಿಂದದ್ದು ತಿಂದ ಹಾಗೇ ಬಾಯಿಂದ ಜಾರಿತಾ? ಅದು ಹೊಟ್ಟೆಯಿಂದ ಬಂದದ್ದಲ್ಲ, ಅನ್ನನಾಳದಲ್ಲೇ ನಿಂತಿದ್ದು. ಎರಡಕ್ಕೂ ಹುಡುಕಬೇಕಾದ ಕಾರಣ ಬೇರೆ, ಮಾಡಬೇಕಾದ ಟೆಸ್ಟ್ ಬೇರೆ. ಊಟವಾಗಿ ಎಷ್ಟು ಹೊತ್ತಿಗೆ ಬಂತು, ಬಣ್ಣ ಏನು, ಹಳದಿ ನೊರೆಯಾ, ಕೆಂಪು ರಕ್ತವಾ ಅಂತ ಹೇಳಿ. ಫಿಲ್ಟರಿನಲ್ಲಿ ಉಳಿದ ಕಾಫಿ ಚರಟದ ಹಾಗಿದ್ದರೆ ತಪ್ಪದೆ ಹೇಳಿ, ಅದು ಹೊಟ್ಟೆಯೊಳಗೆ ಸೋರಿ ಹಳತಾದ ರಕ್ತ ಇರಬಹುದು. ಮಲ ಕಪ್ಪಗೆ, ಅಂಟಂಟಾಗಿ ಇದ್ದರೂ ಹಾಗೇ. ಒರೆಸುವ ಮುಂಚೆ ಒಂದು ಫೋಟೋ ತೆಗೆದುಕೊಳ್ಳಿ. ಅಸಹ್ಯ ಅಂದುಕೊಳ್ಳಬೇಡಿ, ಡಾಕ್ಟರಿಗೆ ಅದು ನಿತ್ಯದ ಕೆಲಸ.

ಕುಂಟೋದು, ಕೆಮ್ಮೋದು, ಫಿಟ್ಸ್ ಬರೋದು, ಇವೆಲ್ಲ ಆಸ್ಪತ್ರೆ ಬಾಗಿಲಿಗೆ ಹೋದ ಕೂಡಲೇ ಮಾಯವಾಗುತ್ತವೆ. ಹೆದರಿಕೆಗೆ ನಾಯಿ ನೆಟ್ಟಗೆ ನಡೆಯುತ್ತದೆ. ಹಾಗಾಗಿ ಮನೆಯಲ್ಲೇ ವಿಡಿಯೋ ಮಾಡಿ. ಕುಂಟುತ್ತಿದ್ದರೆ ಬೆಳಕಿರುವ ಕಡೆ, ಜಾರದ ನೆಲದ ಮೇಲೆ, ಒಮ್ಮೆ ಪಕ್ಕದಿಂದ, ಒಮ್ಮೆ ಹಿಂದಿನಿಂದ ನಡೆಸಿ ತೆಗೆಯಿರಿ. ಫಿಟ್ಸ್ ಬಂದರೆ ಮೊದಲು ಗಡಿಯಾರ ನೋಡಿ, ಶುರುವಾದ ಹೊತ್ತು ನೆನಪಿಟ್ಟುಕೊಳ್ಳಿ. ಸುತ್ತಲಿನ ಕುರ್ಚಿ ಮೇಜು ಸರಿಸಿ, ಇನ್ನೊಬ್ಬರಿಗೆ ವಿಡಿಯೋ ಮಾಡಲು ಹೇಳಿ. ಬಾಯಿಗೆ ಕೈ ಹಾಕಬೇಡಿ, ನೀರು ಹಾಕಬೇಡಿ, ಬೀಗದ ಕೈ, ಕಬ್ಬಿಣ, ಈರುಳ್ಳಿ ಏನೂ ಬೇಡ. ಐದು ನಿಮಿಷ ದಾಟಿದರೆ ಅಥವಾ ಒಂದರ ಹಿಂದೆ ಒಂದು ಬಂದರೆ ವಿಡಿಯೋ ಬಿಟ್ಟು ಹೊರಡಿ.

ಮೂಗು ಒಣಗಿದೆ, ಹಾಗಾಗಿ ಜ್ವರ ಅನ್ನೋದನ್ನು ಬಿಟ್ಟುಬಿಡಿ. ನಾಯಿ ಬೆಕ್ಕುಗಳ ಮೈ ಬಿಸಿ ನಮಗಿಂತ ಜಾಸ್ತಿ, ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಅವಕ್ಕೆ ಸಹಜ. ನಮ್ಮ ಲೆಕ್ಕದ ಜ್ವರ ಅವಕ್ಕೆ ಜ್ವರವಲ್ಲ. ಅದರ ಬದಲು ಯಾರು ಬೇಕಾದರೂ ನೋಡಬಹುದಾದ ಎರಡು ವಿಷಯ ಇವೆ. ಮೇಲ್ದುಟಿ ಎತ್ತಿ ಒಸಡು ನೋಡಿ. ಗುಲಾಬಿ ಬಣ್ಣ ಇರಬೇಕು. ಬೆರಳಿಂದ ಒತ್ತಿ ಬಿಟ್ಟರೆ ಬೆಳ್ಳಗಾಗಿ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ಬಿಳಿಚಿಕೊಂಡಿದ್ದರೆ, ನೀಲಿಯಾಗಿದ್ದರೆ, ಹಳದಿಯಾಗಿದ್ದರೆ ಫೋನಿನಲ್ಲಿ ಮೊದಲು ಹೇಳಬೇಕಾದ ಮಾತೇ ಅದು. (ಕೆಲವು ನಾಯಿಗಳ ಒಸಡು ಹುಟ್ಟಿನಿಂದಲೇ ಕಪ್ಪು. ಆಗ ಕೆಳಗಿನ ಕಣ್ಣುರೆಪ್ಪೆಯ ಒಳಗೆ ನೋಡಿ.) ಎರಡನೆಯದು ಉಸಿರು. ಗಾಢ ನಿದ್ದೆಯಲ್ಲಿರುವಾಗ ಎದೆ ಏರಿ ಇಳಿದದ್ದನ್ನು ಒಂದು ಅಂತ ಲೆಕ್ಕ ಹಾಕಿ, ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿ. ಸಾಮಾನ್ಯವಾಗಿ ಇದು 30ರ ಒಳಗಿರುತ್ತದೆ. ವಯಸ್ಸಾದ ನಾಯಿ, ಹೃದಯದ ತೊಂದರೆ ಇರುವ ನಾಯಿ ಮಲಗಿದಾಗಲೂ ಅದಕ್ಕಿಂತ ಜಾಸ್ತಿ ಉಸಿರಾಡುತ್ತಿದ್ದರೆ ಆ ಸಂಖ್ಯೆಯನ್ನೇ ಡಾಕ್ಟರಿಗೆ ಹೇಳಿ. "ಏದುಸಿರು ಬಿಡ್ತಿದೆ" ಅನ್ನೋದಕ್ಕಿಂತ "ನಿದ್ದೆಯಲ್ಲಿ ನಿಮಿಷಕ್ಕೆ 46" ಅನ್ನೋದು ಎಷ್ಟೋ ಕೆಲಸಕ್ಕೆ ಬರುತ್ತದೆ.

ಹೆಣ್ಣು ನಾಯಿಗೆ ಆಪರೇಷನ್ ಆಗಿಲ್ಲದಿದ್ದರೆ ಕೊನೆಯ ಸಲ ಹೀಟಿಗೆ ಬಂದದ್ದು ಯಾವಾಗ ಅಂತ ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಿ. ಎಷ್ಟೋ ಮನೆಗಳಲ್ಲಿ ಇದನ್ನು ಎಲ್ಲರ ಮುಂದೆ ಹೇಳಲು ಸಂಕೋಚ. ಆದರೆ ಹೀಟ್ ಮುಗಿದು ಕೆಲವು ವಾರಕ್ಕೆ ನಾಯಿ ಮಂಕಾಗಿ, ನೀರು ಜಾಸ್ತಿ ಕುಡಿಯುತ್ತಾ, ಊಟ ಬಿಟ್ಟರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಹೊರಗೆ ಏನೂ ಸೋರದೆಯೂ ಇರಬಹುದು. ಈ ಒಂದು ತಾರೀಖು ಹೇಳಿದರೆ ಡಾಕ್ಟರ ಯೋಚನೆ ನೇರವಾಗಿ ಅಲ್ಲಿಗೆ ಹೋಗುತ್ತದೆ.

ಮನೆಯಲ್ಲಿ ಏನು ಕೊಟ್ಟಿರಿ, ಅದನ್ನು ಮುಚ್ಚಿಡಬೇಡಿ

ಇಡೀ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಡೋಲೋ ಕೊಟ್ಟಿದ್ದರೆ ಡೋಲೋ ಕೊಟ್ಟೆವು ಅನ್ನಿ. ಅದರಲ್ಲಿರುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಒಂದು ಮಾತ್ರೆ ಬೆಕ್ಕಿನ ಜೀವ ತೆಗೆಯಲು ಸಾಕು, ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಆದರೆ ಬೇಗ ಗೊತ್ತಾದರೆ ಅದಕ್ಕೆ ಚಿಕಿತ್ಸೆ ಇದೆ. ನಾಯಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಇರುವ ನೋವಿನ ಮಾತ್ರೆ ಕೊಟ್ಟರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಕಿಡ್ನಿ ಕೆಡಬಹುದು. ಇನ್ನೂ ಒಂದು ತೊಂದರೆ ಇದೆ. ನೀವು ಬೆಳಗ್ಗೆ ಒಂದು ನೋವಿನ ಮಾತ್ರೆ ಕೊಟ್ಟದ್ದು ಗೊತ್ತಿಲ್ಲದೆ ಡಾಕ್ಟರು ಸಂಜೆ ಇನ್ನೊಂದು ನೋವಿನ ಇಂಜೆಕ್ಷನ್ನೋ ಸ್ಟೀರಾಯ್ಡೋ ಕೊಟ್ಟರೆ ಎರಡೂ ಸೇರಿ ಹೊಟ್ಟೆಯಲ್ಲಿ ರಕ್ತ ಸುರಿಸಬಹುದು. ಅವರು ಸರಿಯಾದ ಔಷಧಿಯನ್ನೇ ಕೊಟ್ಟಿರುತ್ತಾರೆ, ಅರ್ಧ ಮಾತು ಮಾತ್ರ ಕೇಳಿರುತ್ತಾರೆ.

ಮನೆಮದ್ದೂ ಲೆಕ್ಕಕ್ಕೆ ಬರುತ್ತದೆ. ಕಜ್ಜಿಗೆ ಸೀಮೆಎಣ್ಣೆಯೋ ಹಳೇ ಇಂಜಿನ್ ಆಯಿಲೋ ಹಚ್ಚಿದ್ದರೆ ಹೇಳಿ, ಪ್ರಾಣಿ ಅದನ್ನು ನೆಕ್ಕಿರುತ್ತದೆ. ನಾಯಿಗೆ ಅಂತ ತಂದ ಉಣ್ಣೆ ಔಷಧಿಯನ್ನು ಬೆಕ್ಕಿಗೂ ಹಾಕಿದ್ದರೆ ಹೇಳಿ, ಅಂಥ ಕೆಲವು ಔಷಧಿಯಲ್ಲಿರುವ ಪರ್ಮೆತ್ರಿನ್ ಬೆಕ್ಕಿಗೆ ನಡುಕ, ಫಿಟ್ಸ್ ತರುತ್ತದೆ. ಮೆಡಿಕಲ್ ಶಾಪಿನವರು ಹೇಳಿಕೊಟ್ಟ ಮಾತ್ರೆ, ಪಕ್ಕದ ಮನೆಯವರ ನಾಯಿಗೆ ಬರೆದ ಮಾತ್ರೆ, ಬೇರೆ ಡಾಕ್ಟರು ಹೋದ ವಾರ ಹಾಕಿದ ಇಂಜೆಕ್ಷನ್, ಎಲ್ಲವನ್ನೂ ಹೇಳಿ. ಹೆಸರು ನೆನಪಾಗದಿದ್ದರೆ ಖಾಲಿ ಸ್ಟ್ರಿಪ್ ತನ್ನಿ. ಡಾಕ್ಟರು ಬೈಯಬಹುದು. ಬೈಸಿಕೊಂಡು ಹೇಳಿ.

ಇಲಿ ಪಾಷಾಣ ತಿಂದಿದ್ದರೆ ಪ್ಯಾಕೆಟ್ ತರೋದು ಕಡ್ಡಾಯ ಅಂತಲೇ ತಿಳಿಯಿರಿ. ಒಂದು ಬಗೆಯ ಪಾಷಾಣ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ. ಎರಡು ಮೂರು ದಿನ ನಾಯಿ ಚೆನ್ನಾಗೇ ಓಡಾಡಿಕೊಂಡಿರುತ್ತದೆ, ಆಮೇಲೆ ರಕ್ತಸ್ರಾವ ಶುರುವಾಗುತ್ತದೆ. ಇದಕ್ಕೆ ವಿಟಮಿನ್ ಕೆ ಇದೆ. ಇನ್ನೊಂದು ಬಗೆ ಜಿಂಕ್ ಫಾಸ್ಫೈಡ್. ಅದು ಹೊಟ್ಟೆಯಲ್ಲಿ ವಿಷದ ಗಾಳಿ ಬಿಡುತ್ತದೆ, ಊಟ ತಿನ್ನಿಸಿದರೆ ಇನ್ನೂ ಜಾಸ್ತಿ. ಪ್ಯಾಕೆಟ್ ನೋಡದೆ ಯಾವುದು ಅಂತ ಹೇಳೋದು ಕಷ್ಟ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಉಪ್ಪೇ ವಿಷವಾಗುತ್ತದೆ. ಫೋನ್ ಮಾಡಿ ಕೇಳಿ, ಅವರು ಹೇಳಿದಷ್ಟೇ ಮಾಡಿ.

ಹೊರಡುವ ಮುಂಚೆ ಫೋನ್

ತುರ್ತು ಇದ್ದಾಗ ಫೋನಿನಲ್ಲಿ ಇತಿಹಾಸ ಬೇಡ. ಹೀಗೆ ಹೇಳಿ: "ಡಾಕ್ಟ್ರೇ, ಲ್ಯಾಬ್ರಡಾರ್, ಮೂರು ವರ್ಷ, ಸುಮಾರು 30 ಕೆಜಿ. ಅರ್ಧ ಗಂಟೆ ಮುಂಚೆ ತೋಟದಲ್ಲಿ ಹಾವು ಕಚ್ಚಿದೆ, ಮುಖ ಊದಿಕೊಂಡಿದೆ, ಒಸಡು ಬಿಳಿಚಿದೆ, ನಿಂತುಕೊಳ್ಳಲು ಆಗ್ತಿಲ್ಲ. ಇಪ್ಪತ್ತು ನಿಮಿಷದಲ್ಲಿ ಬರ್ತೀವಿ. ಆಂಟಿವೆನಮ್ ಇದೆಯಾ?" ಕೊನೆಯ ಪ್ರಶ್ನೆ ಬಹಳ ಮುಖ್ಯ. ಎಲ್ಲ ಕ್ಲಿನಿಕ್‌ಗಳಲ್ಲೂ ಅದು ಇರುವುದಿಲ್ಲ, ಇಲ್ಲದ ಕಡೆ ಹೋಗಿ ಮತ್ತೆ ಹೊರಡುವಷ್ಟರಲ್ಲಿ ಹೊತ್ತು ಮೀರುತ್ತದೆ. ಹಾವನ್ನು ಹುಡುಕಿ ಹೊಡೆದು ತರಬೇಡಿ. ನಮ್ಮಲ್ಲಿ ಸಿಗುವ ಆಂಟಿವೆನಮ್ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಒಂದೇ.

ಲಸಿಕೆ ಮುಗಿಯದ ನಾಯಿಮರಿಗೆ ವಾಂತಿ, ರಕ್ತ ಭೇದಿ ಇದ್ದರೂ ಫೋನಿನಲ್ಲೇ ಹೇಳಿ. ಪಾರ್ವೊ ಇರಬಹುದು. ಆ ವೈರಸ್ ನೆಲದ ಮೇಲೆ ತಿಂಗಳುಗಟ್ಟಲೆ ಉಳಿಯುತ್ತದೆ, ಲಸಿಕೆಗೆ ಅಂತ ಬಂದು ಕೂತ ಬೇರೆ ಮರಿಗಳಿಗೂ ಹತ್ತುತ್ತದೆ. ಹೊರಗೆ ಗಾಡಿಯಲ್ಲೇ ಇಟ್ಟುಕೊಂಡಿರಿ ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ನಾಯಿಯ ನಡತೆ ಏಕಾಏಕಿ ಬದಲಾಗಿ, ಜೊಲ್ಲು ಸುರಿಸುತ್ತಾ, ನುಂಗಲು ಒದ್ದಾಡುತ್ತಿದ್ದರೆ, ಅದರಲ್ಲೂ ರೇಬೀಸ್ ಲಸಿಕೆ ಆಗಿಲ್ಲದಿದ್ದರೆ, ಗಂಟಲಲ್ಲಿ ಮೂಳೆ ಸಿಕ್ಕಿದೆ ಅಂತ ಬಾಯಿಗೆ ಕೈ ಹಾಕೋದೂ ಬೇಡ, ಹೇಳದೆ ಕ್ಲಿನಿಕ್‌ಗೆ ಕರೆದೊಯ್ಯೋದೂ ಬೇಡ. ಅದು ಯಾರನ್ನಾದರೂ ಕಚ್ಚಿದ್ದರೆ, ಪರಚಿದ್ದರೆ ಆ ಜಾಗವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವರನ್ನು ಮನುಷ್ಯರ ಆಸ್ಪತ್ರೆಗೆ ಅವತ್ತೇ ಕಳಿಸಿ.

ಸಿಟ್ಟಿನ ನಾಯಿಯಾಗಿದ್ದರೆ ಅದನ್ನೂ ಮೊದಲೇ ಹೇಳಿ. "ನಮ್ಮದು ಏನೂ ಮಾಡಲ್ಲ" ಅನ್ನುವ ಮಾತು ನಂಬಿ ಕೈ ಕಚ್ಚಿಸಿಕೊಂಡ ಡಾಕ್ಟರು, ಕಾಂಪೌಂಡರುಗಳು ಎಷ್ಟೋ ಜನ. ಬಾಯಿಗೆ ಮಜ಼ಲ್ ಕಟ್ಟಿದರೆ ನಾಯಿಗೆ ಅವಮಾನವಲ್ಲ, ಆಮೇಲೆ ಡಾಕ್ಟರು ಹೆದರದೆ ಸರಿಯಾಗಿ ಮುಟ್ಟಿ ನೋಡುತ್ತಾರೆ.

ಹಳ್ಳಿ ಕಡೆ ಇನ್ನೊಂದು ಸಂಗತಿ. ತಾಲ್ಲೂಕಿನ ಪಶು ಆಸ್ಪತ್ರೆಯ ಡಾಕ್ಟರು ಬೆಳಗ್ಗೆ ಹಸು, ಎಮ್ಮೆ ನೋಡಲು ಊರೂರು ಸುತ್ತುತ್ತಾರೆ. ನಾಯಿ ಹಿಡಿದುಕೊಂಡು ಹೋಗಿ ಬೀಗ ನೋಡಿ ಬರೋದಕ್ಕಿಂತ ಎಷ್ಟು ಹೊತ್ತಿಗೆ ಸಿಗುತ್ತೀರಿ ಅಂತ ಕೇಳಿಕೊಂಡು ಹೋಗಿ. ದನಕರುಗಳ ತುರ್ತಿಗೆ 1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿ ವಾಹನ ಬರುತ್ತದೆ, ಅದು ಇದ್ದೇ ಇದೆ.

ಡಾಕ್ಟರ ಮುಂದೆ

ಮೊದಲ ಎರಡು ನಿಮಿಷ ಪೂರ್ತಿ ನಿಮ್ಮದು. ಯಾವಾಗ ಶುರುವಾಯಿತು, ಮೊದಲು ಏನು ಕಂಡಿತು, ಆಮೇಲೆ ಏನು, ಈಗ ಹೇಗಿದೆ, ಈ ಕ್ರಮದಲ್ಲೇ ಹೇಳಿ. ಕಳೆದ ವರ್ಷದ ಕಿವಿ ಸೋರಿಕೆ ಕೊನೆಗಿರಲಿ. ಅವರು ಸ್ಟೆತಾಸ್ಕೋಪ್ ಇಟ್ಟು ಎದೆ ಕೇಳುತ್ತಿರುವಾಗ ಮಾತು ನಿಲ್ಲಿಸಿ, ಆ ಹೊತ್ತಿನಲ್ಲಿ ನೀವು ಹೇಳಿದ್ದು ಅವರಿಗೆ ಕೇಳೋದಿಲ್ಲ.

ದುಡ್ಡಿನ ಮಾತನ್ನು ಕೊನೆಗೆ ಬಿಲ್ ಬಂದಾಗ ಎತ್ತಬೇಡಿ, ಮೊದಲೇ ಎತ್ತಿ. "ಸಾರ್, ಸದ್ಯಕ್ಕೆ ಇಷ್ಟು ಹೊಂದಿಸಬಲ್ಲೆ, ಇಷ್ಟರಲ್ಲಿ ಯಾವುದು ಮೊದಲು ಮಾಡಬೇಕು?" ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ, ಪ್ರಾಣಿಗೆ ಇನ್ಶೂರೆನ್ಸ್ ಇರುವ ಮನೆ ನಮ್ಮಲ್ಲಿ ಎಷ್ಟಿವೆ? ಟೆಸ್ಟ್‌ಗಳ ಪಟ್ಟಿ ದೊಡ್ಡದಿದ್ದರೆ ಒಂದು ಪ್ರಶ್ನೆ ಕೇಳಿ: "ಈ ಟೆಸ್ಟಿನ ರಿಪೋರ್ಟ್ ನೋಡಿ ಔಷಧಿ ಬದಲಾಗುತ್ತಾ?" ಬದಲಾಗುತ್ತದೆ ಅಂದರೆ ಅದನ್ನು ಮೊದಲು ಮಾಡಿಸಿ. ಬದಲಾಗೋದಿಲ್ಲ ಅಂದರೆ ಸ್ವಲ್ಪ ತಡೆದು ಮಾಡಿಸಬಹುದಾ ಅಂತ ಕೇಳಿ. ಒಳ್ಳೆಯ ಡಾಕ್ಟರು ಈ ಪ್ರಶ್ನೆಗೆ ಬೇಜಾರಾಗೋದಿಲ್ಲ. ಟೆಸ್ಟ್ ಬೇಡ, ಸುಮ್ನೆ ಒಂದು ಇಂಜೆಕ್ಷನ್ ಹಾಕಿ ಅಂತ ಒತ್ತಾಯ ಮಾತ್ರ ಮಾಡಬೇಡಿ.

ಅರ್ಥವಾಗದ ಮಾತಿಗೆ ತಲೆ ಆಡಿಸಬೇಡಿ. "ಸಿ.ಬಿ.ಸಿ ಅಂದ್ರೆ ಏನು ಮೇಡಂ, ಅದರಲ್ಲಿ ಏನು ನೋಡ್ತೀರಿ?" ಅಂತ ಕೇಳಿ. ಉಣ್ಣೆಯಿಂದ ಬರುವ ಟಿಕ್ ಫೀವರ್ ಅಂದರೆ ಪ್ಲೇಟ್ಲೆಟ್ ಎಷ್ಟಿದೆ, ಮತ್ತೆ ಯಾವಾಗ ನೋಡಿಸಬೇಕು ಅಂತ ಕೇಳಿ, ರಿಪೋರ್ಟಿನ ಪ್ರತಿ ಇಸಿದುಕೊಳ್ಳಿ.

ಹೊರಗೆ ಬರುವ ಮುಂಚೆ ಔಷಧಿಯನ್ನು ನೀವೇ ಬಾಯಿಬಿಟ್ಟು ಒಪ್ಪಿಸಿ: "ಇದು ಬೆಳಗ್ಗೆ ಅರ್ಧ, ರಾತ್ರಿ ಅರ್ಧ, ಊಟ ಆದ ಮೇಲೆ, ಹತ್ತು ದಿನ. ಸರೀನಾ?" ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ. ಮೆಡಿಕಲ್ ಶಾಪಿನಲ್ಲಿ 100 ಎಂಜಿ ಇಲ್ಲ ಅಂತ 200 ಎಂಜಿ ಕೊಟ್ಟರೆ "ಅರ್ಧ ಮಾತ್ರೆ" ಅನ್ನೋದರ ಲೆಕ್ಕವೇ ಬದಲಾಗುತ್ತದೆ, ಹಾಗಾಗಿ ಚೀಟಿಯ ಎಂಜಿಯನ್ನೂ ಸ್ಟ್ರಿಪ್ಪಿನ ಎಂಜಿಯನ್ನೂ ಹೋಲಿಸಿ ನೋಡಿ. ಹುಷಾರಾದರೂ ಮುಂದುವರಿಸಬೇಕಾ ಅಂತಲೂ ಕೇಳಿ. ಟಿಕ್ ಫೀವರ್‌ಗೆ ಬರೆಯುವ ಡಾಕ್ಸಿಸೈಕ್ಲಿನ್ ಎಷ್ಟೋ ಸಲ 28 ದಿನ ಕೊಡಬೇಕಾಗುತ್ತದೆ, ನಾಯಿ ಮಾತ್ರ ಮೊದಲ ವಾರದಲ್ಲೇ ಚೇತರಿಸಿಕೊಂಡು ಬಾಲ ಅಲ್ಲಾಡಿಸುತ್ತದೆ. ಅಲ್ಲಿಗೆ ನಿಲ್ಲಿಸುವ ಮನೆಗಳೇ ಜಾಸ್ತಿ. ಇನ್ನೊಂದು ಪ್ರಶ್ನೆ: "ಏನು ಕಂಡರೆ ರಾತ್ರಿಯಾದರೂ ಸರಿ, ಕಾಯದೆ ಬರಬೇಕು?"

ಮನೆಗೆ ಬಂದ ಮೇಲೆ

ಮಾತ್ರೆ ನುಂಗಿಸಲು ಆಗದಿದ್ದರೆ, ಬೆಕ್ಕು ಉಗಿದು ಮಂಚದ ಕೆಳಗೆ ಸೇರಿಕೊಂಡರೆ, ಹಾಗೇ ಹೇಳಿ. "ಐದು ದಿನದ್ದರಲ್ಲಿ ಎರಡು ದಿನ ಮಾತ್ರ ಒಳಗೆ ಹೋಯ್ತು." ಇದನ್ನು ಹೇಳದೆ "ಔಷಧಿಯಿಂದ ಏನೂ ಪ್ರಯೋಜನ ಆಗ್ಲಿಲ್ಲ" ಅಂದರೆ ಡಾಕ್ಟರು ಇನ್ನೂ ಜೋರಾದ ಔಷಧಿಗೆ ಹೋಗುತ್ತಾರೆ. ನಿಜ ಹೇಳಿದರೆ ಸಿರಪ್ಪೋ ಇಂಜೆಕ್ಷನ್ನೋ ಬೇರೆ ದಾರಿ ನೋಡುತ್ತಾರೆ.

ವಾಟ್ಸಾಪ್‌ನಲ್ಲಿ ಬರೆಯುವಾಗ "ಹಾಯ್ ಡಾಕ್ಟರ್" ಅಂತ ಕಳಿಸಿ ಉತ್ತರಕ್ಕೆ ಕಾಯಬೇಡಿ. ಅವರ ಫೋನಿನಲ್ಲಿ ದಿನಕ್ಕೆ ಎಷ್ಟು ಜೂಲಿ, ಎಷ್ಟು ಟೈಗರ್ ಬರುತ್ತಾರೋ. ಒಂದೇ ಮೆಸೇಜಿನಲ್ಲಿ ಎಲ್ಲವೂ ಇರಲಿ: "ನಮಸ್ತೆ ಸಾರ್. ಸೋಮವಾರ ಸಂಜೆ ತೋರಿಸಿದ ಬಿಳಿ ಪೊಮೆರೇನಿಯನ್ ಜೂಲಿ, 6 ಕೆಜಿ, ವಾಂತಿಗೆ. ಮಾತ್ರೆ ಮೂರು ಡೋಸ್ ಆಯ್ತು. ವಾಂತಿ ನಿಂತಿದೆ. ಇವತ್ತು ಬೆಳಗ್ಗೆಯಿಂದ ಎರಡು ಸಲ ಭೇದಿ, ರಕ್ತ ಇಲ್ಲ, ಫೋಟೋ ಹಾಕಿದ್ದೇನೆ. ನೀರು ಕುಡಿಯುತ್ತಿದ್ದಾಳೆ. ಮಾತ್ರೆ ಮುಂದುವರಿಸಲಾ?" ಇದಕ್ಕೆ ಒಂದು ಸಾಲಿನಲ್ಲಿ ಉತ್ತರ ಕೊಡಬಹುದು. ಗಂಟಿನ ಫೋಟೋ ಕಳಿಸುವಾಗ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡಿ, ಗಾತ್ರ ಗೊತ್ತಾಗುತ್ತದೆ. ಆದರೆ ಗಂಟು ಗಟ್ಟಿಯಾ ಮೆತ್ತಗಾ ಅನ್ನೋದು ಫೋಟೋದಲ್ಲಿ ತಿಳಿಯೋದಿಲ್ಲ, ತಂದು ತೋರಿಸಿ ಅಂದರೆ ತೋರಿಸಿ. ಲಸಿಕೆ ತಾರೀಖು ಕೇಳಲು ರಾತ್ರಿ ಹನ್ನೊಂದಕ್ಕೆ ಫೋನ್ ಬೇಡ.

ವಾಸಿಯಾಗದ ಕಾಯಿಲೆ ಅಂತ ಗೊತ್ತಾದಾಗ ಮಾತು ಹೊರಡೋದೇ ಕಷ್ಟ. ಆಗ ನೇರವಾಗಿ ಕೇಳಿ: "ಈಗ ಇದಕ್ಕೆ ನೋವಿದೆಯಾ? ನೋವು ಕಡಿಮೆ ಮಾಡಿಕೊಂಡು ಎಷ್ಟು ದಿನ ಇರಬಹುದು? ನಿಮ್ಮದೇ ನಾಯಿಯಾಗಿದ್ದರೆ ಏನು ಮಾಡ್ತಿದ್ರಿ?" ದಯಾಮರಣದ ಮಾತನ್ನು ಡಾಕ್ಟರು ತಾವಾಗಿ ಎತ್ತಲು ಹಿಂಜರಿಯುತ್ತಾರೆ, ಮನೆಯವರೂ ಪಾಪ ಅಂತ ಹಿಂಜರಿಯುತ್ತಾರೆ, ನಡುವೆ ಪ್ರಾಣಿ ನರಳುತ್ತದೆ. ಕೇಳಿದ ಮಾತ್ರಕ್ಕೆ ಒಪ್ಪಿದ ಹಾಗಲ್ಲ. ಮನೆಯಲ್ಲಿ ಎಲ್ಲರೂ ಕೂತು ಯೋಚಿಸಿ ನಾಳೆ ಹೇಳುತ್ತೇವೆ ಅನ್ನಬಹುದು.

ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಬೇಕು ಅನ್ನಿಸಿದರೆ ಕದ್ದು ಹೋಗಬೇಡಿ. "ಸಾರ್, ಮನೆಯವರಿಗೆ ಸಮಾಧಾನ ಆಗ್ತಿಲ್ಲ, ಒಮ್ಮೆ ಹೆಬ್ಬಾಳದ ವೆಟರ್ನರಿ ಕಾಲೇಜಿನಲ್ಲಿ ತೋರಿಸ್ತೀವಿ, ಒಂದು ಚೀಟಿ ಬರೆದುಕೊಡ್ತೀರಾ?" ಅಂದರೆ ಸಾಕು. ಹಾಸನ, ಶಿವಮೊಗ್ಗ, ಬೀದರ್‌ನಲ್ಲೂ ವೆಟರ್ನರಿ ಕಾಲೇಜುಗಳಿವೆ, ಹತ್ತಿರದ್ದಕ್ಕೆ ಹೋಗಿ. ರಕ್ತದ ರಿಪೋರ್ಟ್, ಎಕ್ಸ್‌ರೇ, ಲಸಿಕೆ ಕಾರ್ಡ್, ಎಲ್ಲ ಚೀಟಿಗಳನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ಹಿಂದಿನ ಡಾಕ್ಟರು ಏನು ಕೊಟ್ಟಿದ್ದರು, ಕೊನೆಯ ಡೋಸ್ ಎಷ್ಟು ಗಂಟೆಗೆ ಆಯಿತು ಅನ್ನೋದನ್ನು ಕವರಿನ ಮೇಲೆಯೇ ಬರೆದಿಡಿ. ಹೊಸಬರ ಮುಂದೆ ಹಳಬರನ್ನು ದೂರುತ್ತಾ ಕೂತರೆ ಪ್ರಾಣಿಯ ಬಗ್ಗೆ ಹೇಳಲು ಇರುವ ಹೊತ್ತೇ ಕಡಿಮೆಯಾಗುತ್ತದೆ. ಯಾವಾಗ ಶುರುವಾಯಿತು, ಏನು ಕಂಡಿತು ಅಂತ ಮತ್ತೆ ಮೊದಲಿನಿಂದ ಹೇಳಿ.